ದಾರಿ ಬಲ್ಲವರ ಚರಿತ್ರೆ: ತ್ಯಾವರೆಕೊಪ್ಪದ ಸುತ್ತಲಿನ ಕಾಡು ಮತ್ತು ಅದರ ಜನ

ಶಿವಮೊಗ್ಗ ನಗರದಿಂದ ಸಾಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ತ್ಯಾವರೆಕೊಪ್ಪವು ಇಂದು ಹುಲಿ-ಸಿಂಹಧಾಮದಿಂದಾಗಿ ನಾಡಿಗೆ ಪರಿಚಿತವಾಗಿದೆ. 1988ರಲ್ಲಿ ಆರಂಭವಾದ ಈ ಧಾಮದಲ್ಲಿ ಸಂದರ್ಶಕರು ಜಾಲರಿ ಹೊದಿಸಿದ ವಾಹನದಲ್ಲಿ ಕುಳಿತು, ಬೇಲಿಯೊಳಗಿನ ಕಾಡಿನಲ್ಲಿ ಅಡ್ಡಾಡುವ ಹುಲಿ, ಸಿಂಹಗಳನ್ನು ನೋಡಿ ಹಿಂದಿರುಗುತ್ತಾರೆ. ಇದರ ಬೆನ್ನಿಗೇ ಶೆಟ್ಟಿಹಳ್ಳಿ ವನ್ಯಜೀವಿ ಅಭಯಾರಣ್ಯ ಹಬ್ಬಿದೆ. 1974ರಲ್ಲಿ ಘೋಷಣೆಯಾದ, ಸುಮಾರು 395 ಚದರ ಕಿಲೋಮೀಟರ್ ವಿಸ್ತಾರದ ಈ ಅಭಯಾರಣ್ಯವು ಶಿವಮೊಗ್ಗ ನಗರದ ಹೊರವಲಯದಿಂದ ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳವರೆಗೆ ಚಾಚಿಕೊಂಡಿದ್ದು, ದಕ್ಷಿಣದಲ್ಲಿ ಭದ್ರಾವತಿ ಮತ್ತು ಲಕ್ಕವಳ್ಳಿಯ ಕಡೆಯ ಕಾಡುಗಳಿಗೆ ಆನೆಗಳ ಓಡಾಟದ ಮೂಲಕ ಸಂಬಂಧ ಉಳಿಸಿಕೊಂಡಿದೆ. ಈ ಕಾಡುಗಳಲ್ಲಿ ಪರಸ್ಥಳದವರಿಗೆ ದಾರಿ ತೋರಿಸುವ ಕೆಲಸ ಪ್ರವಾಸೋದ್ಯಮದೊಡನೆ ಹುಟ್ಟಿದ್ದಲ್ಲ. ಅರಸರು, ದಂಡಿನವರು, ಸರ್ಕಾರಿ ಅಧಿಕಾರಿಗಳು, ಬೇಟೆಗಾರರು, ಅರಣ್ಯ ಇಲಾಖೆಯವರು ಒಬ್ಬರಾದ ಮೇಲೊಬ್ಬರು ಇಲ್ಲಿನ ಸಣ್ಣ ಊರುಗಳ ಜನರ ಕಾಡಿನ ತಿಳಿವಳಿಕೆಯನ್ನು ಬಳಸಿಕೊಂಡಿದ್ದಾರೆ. ಆ ಕೆಲಸ ಊರ ಸೇವೆಯಿಂದ ಬಿಟ್ಟಿಗೆ, ಬಿಟ್ಟಿಯಿಂದ ದಿನಗೂಲಿಗೆ, ಕೂಲಿಯಿಂದ ಟಿಕೆಟ್ಟಿಗೆ ಸಾಗಿ ಬಂದ ಬಗೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ದಾರಿ ತೋರಿದವನಿಗೆ ಸಿಗುವ ಸಂಬಳ ಖಚಿತವಾಗುತ್ತ ಬಂದಂತೆ, ಆ ದಾರಿ ಹಾಯುವ ನೆಲದ ಮೇಲೆ ಅವನಿಗಿದ್ದ ಹಕ್ಕು ಸಡಿಲವಾಗುತ್ತ ಹೋಗಿದೆ.

ಈ ಪ್ರದೇಶದ ನೆಲದ ಲಕ್ಷಣವನ್ನು ಗಮನಿಸದೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಶಿವಮೊಗ್ಗ ನಗರವು ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಜಾಗದಲ್ಲಿದೆ. ಊರಿನ ಪಶ್ಚಿಮಕ್ಕೆ ಮೊದಲು ತೇಗ, ಮತ್ತಿ, ಹೊನ್ನೆ, ಬಿದಿರುಗಳ ಎಲೆಯುದುರುವ ಕಾಡು ಸಿಗುತ್ತದೆ. ಮಂಡಗದ್ದೆ ದಾಟಿ ತುಂಗಾ ನದಿಯ ಗುಂಟ ಮೇಲೇರಿದಂತೆ ಮಳೆ ಹೆಚ್ಚಿ, ಕಾನು, ಎಂದರೆ ವರ್ಷವಿಡೀ ಹಸಿರಾಗಿದ್ದು ನೀರ ಸೆಲೆಗಳನ್ನು ಕಾಯ್ದುಕೊಳ್ಳುವ ದಟ್ಟ ಕಾಡು, ಮತ್ತು ಬ್ಯಾಣ, ಎಂದರೆ ಕಾಡಿನ ನಡುವಿನ ಹುಲ್ಲುಗಾವಲು, ಒಂದನ್ನೊಂದು ಅನುಸರಿಸಿ ಬರುತ್ತವೆ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿ ಸೇರಿ ಊರಾಗುತ್ತವೆ; ಇಲ್ಲಿ ಗದ್ದೆಯ ಕೋವು ಎಲ್ಲಿದೆಯೋ ಅಲ್ಲಿ ಒಂದೆರಡು ಮನೆಗಳು, ಮತ್ತೆ ಮೈಲಿಗಟ್ಟಲೆ ಕಾಡು. ಮನೆಯಿಂದ ಮನೆಗೆ ಹೋಗುವ ಕಾಲುದಾರಿಗಳು ಹಳ್ಳಗಳನ್ನು ದಾಟುವುದು ಸಂಕಗಳ ಮೇಲೆ, ಎಂದರೆ ಮರದ ದಿಮ್ಮಿ ಅಥವಾ ಅಡಕೆ ದಬ್ಬೆಗಳನ್ನು ಅಡ್ಡಹಾಕಿ ಮಾಡಿದ ಕಾಲುಸೇತುವೆಗಳ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಸಂಕಗಳು ತೇಲಿಹೋಗುತ್ತವೆ, ಹಳುವು ಬೆಳೆದು ಜಾಡು ಮುಚ್ಚುತ್ತದೆ, ಬೇಸಿಗೆಯಲ್ಲಿ ಹತ್ತಿರವಾಗಿದ್ದ ದಾರಿ ಮಳೆಗಾಲದಲ್ಲಿ ದಾರಿಯೇ ಅಲ್ಲವೆಂಬಂತಾಗುತ್ತದೆ. ಆದುದರಿಂದ ದಾರಿಯ ಅರಿವು ಎಂದರೆ ದಿಕ್ಕಿನ ಅರಿವು ಮಾತ್ರವಲ್ಲ. ಯಾವ ತಿಂಗಳಲ್ಲಿ ಯಾವ ಹಳ್ಳ ದಾಟಬಹುದು, ಯಾವ ಕಣಿವೆಯಲ್ಲಿ ಆನೆ ಇಳಿದಿರುತ್ತದೆ, ಯಾರ ಮನೆಯಲ್ಲಿ ರಾತ್ರಿ ತಂಗಲು ಜಾಗ ಸಿಗುತ್ತದೆ ಎಂಬುದೂ ಅದರಲ್ಲಿ ಸೇರಿತ್ತು.

ಹಳೆಯ ಗ್ರಾಮವ್ಯವಸ್ಥೆಯಲ್ಲಿ ಈ ಕೆಲಸಕ್ಕೆ ನಿಗದಿಯಾದ ಜನರಿದ್ದರು. 1812ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದಿಡಲಾದ ಐದನೆಯ ವರದಿಯು ದಕ್ಷಿಣ ಭಾರತದ ಗ್ರಾಮಸೇವಕರನ್ನು ವಿವರಿಸುವಾಗ, ತಳವಾರನ ಹೊಣೆಗಳಲ್ಲಿ ಅಪರಾಧಗಳ ಸುಳಿವು ಹಿಡಿಯುವುದರ ಜೊತೆಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಪ್ರಯಾಣಿಕರನ್ನು ಕಾಪಾಡಿ ಕರೆದೊಯ್ಯುವುದನ್ನೂ ಹೆಸರಿಸುತ್ತದೆ. ತನ್ನ ಊರಿನ ಎಲ್ಲೆಯವರೆಗೆ ಕರೆದೊಯ್ದು ಮುಂದಿನ ಊರಿನವನ ವಶಕ್ಕೆ ಒಪ್ಪಿಸಿದರೆ ತಳವಾರನ ಹೊಣೆ ಮುಗಿಯುತ್ತಿತ್ತು, ಮತ್ತು ಅದಕ್ಕೆ ಪ್ರತಿಯಾಗಿ ಅವನಿಗೆ ಕಣದಲ್ಲಿ ಧಾನ್ಯದ ಪಾಲೋ, ಇನಾಮು ಜಮೀನೋ ಇರುತ್ತಿತ್ತು. ಮಲೆನಾಡಿನಲ್ಲಿ ಊರೆಂಬುದೇ ಚದುರಿಕೊಂಡಿದ್ದ ಕಾರಣ ಈ ಏರ್ಪಾಡು ಬಯಲುಸೀಮೆಯಲ್ಲಿದ್ದಷ್ಟು ಬಿಗಿಯಾಗಿರುವುದು ಸಾಧ್ಯವಿರಲಿಲ್ಲ. ಒಕ್ಕಲು, ಆಳು, ಕಾಡುತ್ಪನ್ನ ಸಂಗ್ರಹಿಸುವವರು, ಯಾರಿಗೆ ಆ ಜಾಡು ಗೊತ್ತಿತ್ತೋ ಅವರು ಜೊತೆಗೆ ಹೋಗಬೇಕಾಗುತ್ತಿತ್ತು. ಹೀಗಿದ್ದರೂ ತತ್ವ ಒಂದೇ ಆಗಿತ್ತು: ದಾರಿ ತೋರುವುದು ಊರಿನಲ್ಲಿ ಬಾಳುವುದರ ಜೊತೆಗೇ ಬಂದ ಹೊಣೆ, ಮತ್ತು ಆ ಹೊಣೆಗೆ ಎದುರಾಗಿ ನೆಲದಲ್ಲೊಂದು ಪಾಲು.

ಕಾಡುದಾರಿಯ ಅರಿವು ಎಷ್ಟು ಬೆಲೆಬಾಳುತ್ತಿತ್ತು ಎಂಬುದಕ್ಕೆ ಈ ಪ್ರದೇಶದ ಇತಿಹಾಸದಲ್ಲಿ 1763ರ ಘಟನೆಗಿಂತ ದೊಡ್ಡ ನಿದರ್ಶನವಿಲ್ಲ. ಆಗ ಬಿದನೂರು (ಇಂದಿನ ಹೊಸನಗರ ತಾಲ್ಲೂಕಿನ ನಗರ) ಕೆಳದಿ ಅರಸರ ರಾಜಧಾನಿಯಾಗಿದ್ದು, ರಾಣಿ ವೀರಮ್ಮಾಜಿ ಆಳುತ್ತಿದ್ದಳು. ಕರಾವಳಿಗೆ ಇಳಿಯುವ ಹೊಸಂಗಡಿ ಘಟ್ಟದ ಮೇಲ್ಭಾಗದಲ್ಲಿದ್ದ ಈ ಪಟ್ಟಣಕ್ಕೆ ಸುತ್ತಲಿನ ಬೆಟ್ಟ ಮತ್ತು ದಟ್ಟ ಕಾಡೇ ಹೊರಕೋಟೆಯಾಗಿತ್ತು. ಕಾಡನ್ನು ಕಡಿಯದೆ ಉಳಿಸಿ, ದಾರಿಗಳು ಒಳಹೊಗುವ ಕಂಡಿಗಳಲ್ಲಿ ಉಕ್ಕಡಗಳನ್ನು, ಎಂದರೆ ಸುಂಕ ಮತ್ತು ಕಾವಲಿನ ಠಾಣೆಗಳನ್ನು ಇಟ್ಟಿದ್ದರಿಂದ, ತಿಳಿದ ದಾರಿಗಳಲ್ಲಿ ಬಂದ ಶತ್ರು ತಿಳಿದ ಜಾಗದಲ್ಲೇ ಸಿಕ್ಕಿಬೀಳುತ್ತಿದ್ದ. ಆ ವರ್ಷದ ಆರಂಭದಲ್ಲಿ ಹೈದರ್ ಅಲಿ ದಂಡೆತ್ತಿ ಶಿವಮೊಗ್ಗದ ಮೂಲಕ ಬಂದಾಗ, ಕುಂಸಿಯಲ್ಲಿ ಸೆರೆಯಲ್ಲಿದ್ದ ಲಿಂಗಣ್ಣನೆಂಬ ಬಿದನೂರಿನ ಮಾಜಿ ಮಂತ್ರಿ ಅವನ ಕೈಗೆ ಸಿಕ್ಕಿದ. ಕರ್ನಲ್ ವಿಲ್ಕ್ಸ್‌ನ ಮೈಸೂರು ಇತಿಹಾಸವೂ, ಅದನ್ನು ಅನುಸರಿಸಿದ ಲೂಯಿಸ್ ರೈಸ್‌ನ ಗೆಜೆಟಿಯರೂ ಹೇಳುವಂತೆ, ಪಟ್ಟಣದೊಳಕ್ಕೆ ಹೋಗುವ ಗುಪ್ತದಾರಿಯೊಂದರ ವಿಷಯವನ್ನು ತಿಳಿಸಿದವನು ಈ ಲಿಂಗಣ್ಣ. ರಾಣಿಯ ಕಡೆಯಿಂದ ಹಣದ ಆಮಿಷಗಳು ಬಂದರೂ ಹೈದರ್ ನಿಲ್ಲದೆ ಮುಂದುವರಿದು, ಮಾರ್ಚ್ ತಿಂಗಳಲ್ಲಿ ಉಕ್ಕಡಗಳ ಮುಂದೆ ಹುಸಿದಾಳಿಯ ಗದ್ದಲವೆಬ್ಬಿಸಿ, ತಾನು ಒಂದು ಪಡೆಯೊಡನೆ ಆ ಒಳದಾರಿಯಿಂದ ನುಗ್ಗಿ ಪಟ್ಟಣವನ್ನು ಹಿಡಿದ. ಜನರು ಕಾಡಿಗೆ ಓಡಿಹೋದರು; ರಾಣಿ ಬಲ್ಲಾಳರಾಯನದುರ್ಗದ ಕಡೆಗೆ ಪಾರಾದರೂ ಮುಂದೆ ಸೆರೆಸಿಕ್ಕಳು. ಅಂದು ಕೈಸೇರಿದ ಸಂಪತ್ತೇ ತನ್ನ ಏಳಿಗೆಯ ಬುನಾದಿ ಎಂದು ಹೈದರ್ ಮುಂದೆ ಭಾವಿಸಿದ್ದನೆಂದು ಇತಿಹಾಸಕಾರರು ಬರೆಯುತ್ತಾರೆ, ಮತ್ತು ಪಟ್ಟಣಕ್ಕೆ ಹೈದರ್‌ನಗರವೆಂಬ ಹೊಸ ಹೆಸರು ಬಂತು.

ಕುಂಸಿ ಇರುವುದು ತ್ಯಾವರೆಕೊಪ್ಪದ ಮುಂದೆ, ಅದೇ ಸಾಗರದ ರಸ್ತೆಯಲ್ಲಿ. ಎರಡೂವರೆ ಶತಮಾನದ ಕೆಳದಿ ಆಳ್ವಿಕೆಯು ಕೊನೆಗೊಳ್ಳಲು ಫಿರಂಗಿಗಿಂತ ಮಿಗಿಲಾಗಿ ಒಂದು ಒಳದಾರಿಯ ಮಾಹಿತಿ ನೆರವಾಯಿತೆಂಬುದು ಇಲ್ಲಿ ಗಮನಿಸಬೇಕಾದ ಮೊದಲ ಅಂಶ. ಎರಡನೆಯದು ದಾಖಲೆಯ ಸ್ವಭಾವಕ್ಕೆ ಸಂಬಂಧಿಸಿದ್ದು. ಲಿಂಗಣ್ಣನ ಹೆಸರು ಉಳಿದದ್ದು ಅವನು ಮಂತ್ರಿಯಾಗಿದ್ದನೆಂಬ ಕಾರಣದಿಂದ. ಮಂತ್ರಿಯಾದವನು ಅಂಥ ದಾರಿಯನ್ನು ತಾನೇ ಕಡಿದು ಕಂಡುಹಿಡಿದಿರಲಾರ. ಸೌದೆಗೆ, ಜೇನಿಗೆ, ದನ ಅರಸಲಿಕ್ಕೆ ಹೋಗಿ ಬರುವವರ ನಡಿಗೆಯಿಂದಲೇ ಅದು ಜಾಡಾಗಿ ಮೂಡಿದ್ದಿರಬೇಕು ಮತ್ತು ಅರಮನೆಗೆ ಅದರ ಸುದ್ದಿ ಅವರಿಂದಲೇ ತಲುಪಿರಬೇಕು. ಈ ಪ್ರದೇಶದ ದಾರಿ ಬಲ್ಲವರ ಚರಿತ್ರೆಯಲ್ಲಿ ಇದೊಂದು ನಿಯಮದಂತೆ ಮರಳಿ ಮರಳಿ ಕಾಣುತ್ತದೆ: ಅರಿವು ಕೆಳಗಿನವರದು, ಹೆಸರು ಮೇಲಿನವರದು.

ಆ ನಿಯಮ ಮುಂದೆಯೂ ನಡೆಯಿತು. 1801ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ದೇಶವನ್ನು ಪರಿಶೀಲಿಸುತ್ತ ಬಂದ ಫ್ರಾನ್ಸಿಸ್ ಬುಕನನ್ ನಗರದಿಂದ ಕವಲೇದುರ್ಗದ ಮೂಲಕ ಇಳಿದು, ತುಂಗೆಯ ದಂಡೆಗುಂಟ ಮಂಡಗದ್ದೆ, ಗಾಜನೂರುಗಳನ್ನು ಹಾಯ್ದು ಶಿವಮೊಗ್ಗ ತಲುಪಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸಕಥನವು ಬೆಳೆ, ಮಣ್ಣು, ಕಂದಾಯ, ಜಾತಿ, ಕಾಡುಮರಗಳ ವಿವರಗಳಿಂದ ತುಂಬಿದೆ. ಸ್ಥಳೀಯ ಭಾಷೆ ಬಾರದ ಅವನು ದುಭಾಷಿಯ ಮೂಲಕ ಊರಿನವರನ್ನು ಪ್ರಶ್ನಿಸಿ ಪಡೆದ ತಿಳಿವಳಿಕೆಯೇ ಆ ಸಂಪುಟಗಳ ಬಂಡವಾಳ. ಅವನು ನಡೆದ ಜಾಡನ್ನೇ ಹೆಚ್ಚುಕಡಿಮೆ ಇಂದಿನ ತೀರ್ಥಹಳ್ಳಿ ರಸ್ತೆ ಅನುಸರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಾರಿ ಬಲ್ಲವರ ಸ್ಥಿತಿ ಬದಲಾಯಿತು. 1864ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದ ಮೇಲೆ ಕಾಡಿಗೆ ಕಾಗದದ ಮೇಲೆ ಎಲ್ಲೆಗಳು ಬಂದವು. ಕುಮರಿ ಬೇಸಾಯ, ಎಂದರೆ ಕಾಡಿನ ತುಣುಕೊಂದನ್ನು ಕಡಿದು ಸುಟ್ಟು ಒಂದೆರಡು ವರ್ಷ ಬೆಳೆ ತೆಗೆದು ಬಿಟ್ಟು ಮುಂದೆ ಹೋಗುವ ಪದ್ಧತಿ, ನಿರ್ಬಂಧಕ್ಕೆ ಒಳಗಾಯಿತು. ಅಡಕೆ ತೋಟಗಳಿಗೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಸವಲತ್ತು ತೋಟವುಳ್ಳವರಿಗೆ ಉಳಿಯಿತು. ಕಾನುಗಳ ಒಡೆತನದ ಪ್ರಶ್ನೆಯು ಎಷ್ಟು ತೊಡಕಿನದಾಗಿತ್ತೆಂದರೆ, ಸೊರಬ ತಾಲ್ಲೂಕಿನ ಕಾನುಗಳ ವಿಚಾರವಾಗಿ 1868ರಲ್ಲಿ ಡೀಟ್ರಿಚ್ ಬ್ರಾಂಡಿಸ್‌ನಂಥ ಹಿರಿಯ ಅರಣ್ಯಾಧಿಕಾರಿಯೇ ವರದಿ ಬರೆಯಬೇಕಾಯಿತು. ತೋಟವೂ ಇಲ್ಲದ, ಕಾನಿನ ಪಟ್ಟವೂ ಇಲ್ಲದ ಹಸಲರಂಥ ಸಮುದಾಯಗಳ ಪಾಲಿಗೆ ಉಳಿದದ್ದು ಕೂಲಿ ಮಾತ್ರ. ತೀರ್ಥಹಳ್ಳಿ, ಹೊಸನಗರಗಳ ಕಾಡುಗಳಲ್ಲಿ ಜೇನು, ಸೀಗೆ, ಅಂಟುವಾಳ, ದಾಲ್ಚಿನ್ನಿ, ಕಾಡುಮೆಣಸುಗಳ ನೆಲೆಯನ್ನು ಬಲ್ಲವರು ಅವರು. ಆದರೆ ಅವುಗಳನ್ನು ಸಂಗ್ರಹಿಸುವ ಹಕ್ಕು ಹರಾಜಿನಲ್ಲಿ ಗುತ್ತಿಗೆದಾರನಿಗೆ ಹೋಗಿ, ಹಸಲರು ಅವನ ಕೈಕೆಳಗಿನ ಆಳುಗಳಾದರು. ಇಲಾಖೆಯ ಸರ್ವೆ, ಎಲ್ಲೆಕಲ್ಲು ನೆಡುವುದು, ಬೆಂಕಿರೇಖೆ ಕಡಿಯುವುದು ಮುಂತಾದ ಕೆಲಸಗಳೆಲ್ಲ ಇಂಥವರನ್ನು ಮುಂದಿಟ್ಟುಕೊಂಡೇ ನಡೆದವು. ತಮ್ಮನ್ನು ಹೊರಗಿಡುವ ಗೆರೆಯನ್ನು ಎಳೆಯಲು ದಾರಿ ತೋರಿದವರೂ ಅವರೇ ಎಂಬುದು ಕಹಿಯಾದರೂ ನಿಜ.

ಇದೇ ಕಾಲದಲ್ಲಿ ದಾರಿ ತೋರುವ ಕೆಲಸಕ್ಕೆ ಹಣದ ರೂಪ ಕೊಟ್ಟದ್ದು ಬೇಟೆ. ಮಲೆನಾಡಿನ ಮನೆಗಳಲ್ಲಿ ಬೇಟೆಯು ಮೊದಲಿನಿಂದಲೂ ಸಾಮೂಹಿಕವಾಗಿತ್ತು. ಕೆಲವರು ಕೋವಿ ಹಿಡಿದು ಬಿಲ್ಲಿಗೆ, ಎಂದರೆ ಪ್ರಾಣಿ ಹಾಯುವ ಕಂಡಿಯಲ್ಲಿ ಹೊಂಚುವ ಜಾಗಕ್ಕೆ, ನಿಲ್ಲುತ್ತಿದ್ದರು. ಉಳಿದವರು ನಾಯಿಗಳೊಡನೆ ಹಳು ನುಗ್ಗಿ ಪ್ರಾಣಿಯನ್ನು ಆ ಕಡೆಗೆ ಸೋವುತ್ತಿದ್ದರು. ಹಣ್ಣುದುರುವ ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿ ಕಾದು ಕೂರುವುದಕ್ಕೆ ಮರಸು ಎಂದು ಹೆಸರು. ಯಾರು ಬಿಲ್ಲಿಗೆ, ಯಾರು ಹಳುವಿಗೆ ಎಂಬುದರಲ್ಲಿ ಗೌಡ ಮತ್ತು ಆಳುಗಳ ಅಂತರ ಸ್ಪಷ್ಟವಾಗಿ ಕಾಣುತ್ತಿದ್ದು, ಆ ಲೋಕದ ಅತ್ಯಂತ ವಿವರವಾದ ಚಿತ್ರಣ ಸಿಗುವುದು ಸರ್ಕಾರಿ ಕಡತಗಳಲ್ಲಲ್ಲ, 1936ರ ‘ಕಾನೂರು ಹೆಗ್ಗಡಿತಿ’ ಮತ್ತು 1967ರ ‘ಮಲೆಗಳಲ್ಲಿ ಮದುಮಗಳು’ ಎಂಬ ಕುವೆಂಪು ಅವರ ಎರಡು ಕಾದಂಬರಿಗಳಲ್ಲಿ. 1901ರ ಮೈಸೂರು ಬೇಟೆ ಮತ್ತು ಮೀನು ಸಂರಕ್ಷಣಾ ಶಾಸನದ ಬಳಿಕ ಬೇಟೆಗೆ ಪರವಾನಗಿ ಬೇಕಾಯಿತು. ಪರವಾನಗಿಯುಳ್ಳ ದೊರೆಗಳು, ಅಧಿಕಾರಿಗಳು ಪ್ರವಾಸಿ ಬಂಗಲೆಗಳಲ್ಲಿ ಇಳಿದುಕೊಂಡು, ಪಟೇಲನ ಮೂಲಕ ಊರವರನ್ನು ಕರೆಸುತ್ತಿದ್ದರು. ಹೆಜ್ಜೆ ನೋಡಿ ಪ್ರಾಣಿಯ ಜಾಡು ಹಿಡಿಯುವವನು, ಮಚಾನು ಕಟ್ಟುವವನು, ಎರೆಗೆ ಕಟ್ಟಿದ ಕೋಣಗರುವಿನ ಕಾವಲಿಗೆ ಹೋಗುವವನು, ಹಳು ನುಗ್ಗುವವರು, ಹೀಗೆ ಕೆಲಸಗಳು ಹಂಚಿಕೆಯಾಗುತ್ತಿದ್ದವು. ಕೂಲಿ ಸಿಕ್ಕಿದ ಬೇಟೆಗಳಿದ್ದವು, ಬಿಟ್ಟಿಯಲ್ಲಿ, ಎಂದರೆ ಸಂಬಳವಿಲ್ಲದ ಬಲವಂತದ ದುಡಿಮೆಯಲ್ಲಿ ಮುಗಿದ ಬೇಟೆಗಳೂ ಇದ್ದವು.

ತ್ಯಾವರೆಕೊಪ್ಪದಿಂದ ಸಾಗರದವರೆಗಿನ ಈ ಪಟ್ಟಿಯು ಇಂಗ್ಲಿಷ್ ಬೇಟೆಸಾಹಿತ್ಯದಲ್ಲಿ ಶಾಶ್ವತ ಸ್ಥಾನ ಪಡೆದದ್ದು ಬೆಂಗಳೂರಿನ ಕೆನೆತ್ ಆಂಡರ್ಸನ್‌ನಿಂದ. ಕುಂಸಿಯ ಮುಂದಿನ ಚೋರಡಿ, ಅಂಬ್ಲಿಗೊಳ, ತ್ಯಾಗರ್ತಿಗಳು ಅವನ ಕಥೆಗಳ ಶೀರ್ಷಿಕೆಗಳಲ್ಲೇ ಬರುತ್ತವೆ; ಆ ಕಥೆಗಳ ಲೋಕವನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯ ಮೂಲಕ ಕನ್ನಡಕ್ಕೆ ತಂದರು. ಆಂಡರ್ಸನ್ ತನ್ನ ಸಹಾಯಕರನ್ನು ಮನುಷ್ಯರಾಗಿ ಚಿತ್ರಿಸಿದನೆಂಬುದನ್ನು ಒಪ್ಪಬೇಕು, ಅವರ ಭಯ, ಹಾಸ್ಯ, ಮೊಂಡುತನಗಳು ಆ ಪುಟಗಳಲ್ಲಿವೆ. ಆದರೂ ಕಥೆಯ ಕೇಂದ್ರದಲ್ಲಿ ಕೋವಿಯೇ ಇರುತ್ತದೆ. ಹುಲಿ ಎಲ್ಲಿ ನೀರಿಗಿಳಿಯುತ್ತದೆ ಎಂದು ಹೇಳಿದವನ ಪಾತ್ರ ಆ ಮಾತಿನೊಂದಿಗೆ ಮುಗಿದು, ಮುಂದಿನ ಕಥೆ ಗುಂಡು ಹೊಡೆದವನದಾಗುತ್ತದೆ.

ಇಷ್ಟು ಬೇಡಿಕೆಯಿದ್ದ ಕೆಲಸ ಇಲ್ಲಿ ಸಂಘಟಿತ ಕಸುಬಾಗಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆಲ್ಪ್ಸ್ ಪರ್ವತದ ತಪ್ಪಲಿನ ಶಾಮೊನಿ ಎಂಬ ಊರಿನಲ್ಲಿ, ಮೊಂಬ್ಲಾಂ ಶಿಖರದ ದಾರಿಯಲ್ಲಿ 1820ರಲ್ಲಿ ಮೂವರು ಮಾರ್ಗದರ್ಶಿಗಳು ಹಿಮಪಾತಕ್ಕೆ ಸಿಕ್ಕಿ ಸತ್ತ ಮರುವರ್ಷವೇ, ಆ ಊರಿನ ಮಾರ್ಗದರ್ಶಿಗಳು ತಮ್ಮದೇ ಸಂಘವನ್ನು ಕಟ್ಟಿಕೊಂಡು, ಸರದಿ ಮತ್ತು ದರಗಳನ್ನು ಗೊತ್ತುಮಾಡಿ, ಸತ್ತವರ ಕುಟುಂಬಗಳಿಗೆ ನೆರವಿನ ನಿಧಿಯನ್ನೂ ಇಟ್ಟರು. ಡಾರ್ಜಿಲಿಂಗ್‌ನ ಶೆರ್ಪಾಗಳಿಗೆ 1928ರಲ್ಲಿ ಹುಟ್ಟಿದ ಹಿಮಾಲಯನ್ ಕ್ಲಬ್ಬಿನ ನೋಂದಣಿ ಪುಸ್ತಕಗಳಾದರೂ ಸಿಕ್ಕವು. ಮಲೆನಾಡಿನಲ್ಲಿ ಇವೆರಡೂ ಆಗದಿರಲು ಮುಖ್ಯ ಕಾರಣ ಕೆಲಸದ ಕೌಶಲದ ಕೊರತೆಯಲ್ಲ. ಶಾಮೊನಿಯ ರೈತ ತನ್ನ ನೆಲದ ಒಡೆಯನಾಗಿದ್ದ, ಅವನ ಬಳಿಗೆ ಬರುತ್ತಿದ್ದವನು ಹಣ ಕೊಟ್ಟು ಕೊಳ್ಳುವ ಗಿರಾಕಿಯಾಗಿದ್ದ. ಇಲ್ಲಿ ದಾರಿ ಬಲ್ಲವನು ಬಹುಮಟ್ಟಿಗೆ ಗೇಣಿಯ ಒಕ್ಕಲು ಅಥವಾ ಆಳು, ಮತ್ತು ಅವನನ್ನು ಕರೆಸುತ್ತಿದ್ದವನು ಸರ್ಕಾರದ ಅಧಿಕಾರ ಹೊತ್ತವನು. ಕರೆದಾಗ ಹೋಗಲೇಬೇಕಾದವನು ದರ ಕಟ್ಟಲಾರ.

ಇದಕ್ಕೆ ಅಪವಾದವೆನ್ನಬಹುದಾದ ಒಂದೇ ಗುಂಪು ಆನೆಯ ಮಾವುತರು ಮತ್ತು ಕಾವಾಡಿಗಳದು. ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆಯಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಂಡೆಯ ಮೇಲಿರುವ ಸಕ್ರೆಬೈಲು ಆನೆಬಿಡಾರದಲ್ಲಿ ತಂದೆಯಿಂದ ಮಗನಿಗೆ ಕೆಲಸ ಇಳಿದು ಬಂದ ಕುಟುಂಬಗಳಿವೆ. ಮಾವುತನು ಆನೆಯ ಹೊಣೆ ಹೊತ್ತವನು, ಕಾವಾಡಿ ಅವನ ಸಹಾಯಕ. ಆನೆಗೆ ಕೊಡುವ ಆಜ್ಞೆಗಳು ಹಿಂದೂಸ್ತಾನಿ ಮೂಲದವು. ಹಿಡಿದು ತಂದ ಕಾಡಾನೆಯನ್ನು ಕ್ರಾಲ್‌ನಲ್ಲಿ, ಎಂದರೆ ಭಾರಿ ದಿಮ್ಮಿಗಳ ಬೋನಿನಲ್ಲಿ ಇಟ್ಟು ತಿಂಗಳುಗಟ್ಟಲೆ ಪಳಗಿಸುವುದು ಇವರ ಕೆಲಸ. ಬೆಳಿಗ್ಗೆ ಆನೆಗಳು ನದಿಯಲ್ಲಿ ಮೀಯುವುದನ್ನು ನೋಡಲು ಪ್ರವಾಸಿಗರು ನೆರೆಯುತ್ತಾರೆ, ಆದರೆ ಈ ಕಸುಬಿನ ತಿರುಳು ಇರುವುದು ಅದಕ್ಕೂ ಮೊದಲಿನ ಹೊತ್ತಿನಲ್ಲಿ. ಬಿಡಾರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುವಾಗ ಕಾಲಿಗೆ ಉದ್ದನೆಯ ಸರಪಳಿ ಕಟ್ಟುತ್ತಾರೆ. ಅದು ನೆಲದ ಮೇಲೆ ಎಳೆದ ಗುರುತು, ಮುರಿದ ಬಿದಿರು, ಲದ್ದಿಯ ಬಿಸಿ ಇವುಗಳನ್ನು ಅನುಸರಿಸಿ ಕಾವಾಡಿಯು ನಸುಕಿನಲ್ಲಿ ತನ್ನ ಆನೆಯನ್ನು ಹುಡುಕಿ ತರಬೇಕು. ಅದೇ ಕಾಡಿನಲ್ಲಿ ಕಾಡಾನೆಗಳೂ ಇರುವುದರಿಂದ ಜಾಡುಗಳನ್ನು ಬೇರ್ಪಡಿಸಿ ಓದುವುದು ಪ್ರಾಣದ ಪ್ರಶ್ನೆ. ಪ್ರತಿದಿನವೂ ಕಾಡನ್ನು ಹೀಗೆ ಹೊಸದಾಗಿ ಓದಬೇಕಾದ ಕಸುಬು ಈ ಪ್ರದೇಶದಲ್ಲಿ ಬೇರೊಂದಿಲ್ಲ. ಬೇರೆ ಜಿಲ್ಲೆಗಳಲ್ಲಿ ಪುಂಡಾನೆ ಹಿಡಿಯುವ ಕಾರ್ಯಾಚರಣೆಗಳಿಗೂ ಸಕ್ರೆಬೈಲಿನ ಆನೆಗಳನ್ನೂ ಮಾವುತರನ್ನೂ ಕರೆಸುತ್ತಾರೆ. ಮಾವುತನ ಸ್ಥಾನ ಉಳಿದವರಿಗಿಂತ ಭದ್ರವಾಗಲು ಕಾರಣವೂ ಇಲ್ಲೇ ಇದೆ: ಅವನ ಅರಿವು ಸರ್ಕಾರದ ಸ್ವತ್ತಾದ ಆನೆಗೆ ಅಂಟಿಕೊಂಡಿದ್ದು, ಅವನನ್ನು ಬಿಟ್ಟರೆ ಆ ಸ್ವತ್ತು ನಿರುಪಯೋಗಿ.

ರೈಲು ಮತ್ತು ಕಾರ್ಖಾನೆಗಳು ಕಾಲುದಾರಿಗಳ ಮಹತ್ವವನ್ನು ಕುಗ್ಗಿಸಿದವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು, 1940ರಲ್ಲಿ ಅದು ಅರಸಾಳು, ಸಾಗರಗಳನ್ನು ಹಾಯ್ದು ತಾಳಗುಪ್ಪ ಮುಟ್ಟಿತು. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಊದುಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲಿನ ಕಾಡಿನ ಇದ್ದಿಲಿನಿಂದ. ಸೌದೆ ಸಾಗಿಸಲು ಟ್ರಾಂ ಹಳಿಗಳು ಕಾಡಿನೊಳಕ್ಕೆ ಹೋದವು. ಮುಂದೆ ಮೈಸೂರು ಕಾಗದದ ಕಾರ್ಖಾನೆಗಾಗಿ ಬೆಳೆಸಿದ ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು ಎಕರೆಗಟ್ಟಲೆ ನೆಲವನ್ನು ಒಂದೇ ಬಗೆಯ ಸಾಲುಮರಗಳಿಂದ ತುಂಬಿದವು. ಗುರುತಿಗೆ ಒಂದು ಹಲಸಿನ ಮರವಾಗಲಿ, ಹುತ್ತವಾಗಲಿ, ಬನವಾಗಲಿ ಇಲ್ಲದ ಇಂಥ ತೋಪಿನಲ್ಲಿ ಹಳೆಯ ದಾರಿಯ ಅರಿವು ಪ್ರಯೋಜನಕ್ಕೆ ಬಾರದಾಯಿತು.

ಶೆಟ್ಟಿಹಳ್ಳಿ ಕಾಡಿನೊಳಗಿನ ಇಂದಿನ ಊರುಗಳ ಕಥೆ ಮಾತ್ರ ಬೇರೆಯೇ ಆದದ್ದು, ಮತ್ತು ಅದನ್ನು ವಿವರವಾಗಿ ನೋಡಬೇಕು. ಶರಾವತಿ ನದಿಗೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಊರುಗಳು ಮುಳುಗಿದಾಗ, ಅಲ್ಲಿಂದ ಎದ್ದ ಕುಟುಂಬಗಳಲ್ಲಿ ಹಲವನ್ನು ಶಿವಮೊಗ್ಗದ ಸುತ್ತಲಿನ ಕಾಡಿನಲ್ಲಿ ನೆಲೆಗೊಳಿಸಲಾಯಿತು. ಶೆಟ್ಟಿಹಳ್ಳಿ, ಚಿತ್ರಶೆಟ್ಟಿಹಳ್ಳಿ, ಮಾಳೇಶಂಕರ ಮುಂತಾದವು ಹೀಗೆ ಹೊಸದಾಗಿ ಒಕ್ಕಲು ಪಡೆದ ಊರುಗಳು. ಶರಾವತಿ ಕಣಿವೆಯ ಹೊಳೆ, ಕಾನು, ಘಟ್ಟಗಳನ್ನು ಕಣ್ಣುಮುಚ್ಚಿ ನಡೆಯಬಲ್ಲವರಾಗಿದ್ದ ದೀವರು ಮತ್ತಿತರ ಸಮುದಾಯಗಳ ಜನ, ಬಿದಿರು ಮತ್ತು ತೇಗದ ಅಪರಿಚಿತ ಕಾಡಿನಲ್ಲಿ ಮತ್ತೆ ಮೊದಲಿನಿಂದ ದಾರಿ ಕಲಿಯಬೇಕಾಯಿತು. ದಾರಿಯ ಅರಿವನ್ನು ಊರಿನಂತೆ ಕಿತ್ತು ಇನ್ನೊಂದೆಡೆ ನೆಡಲಾಗುವುದಿಲ್ಲ. ಅವರು ಕಲಿತದ್ದು ಹೊಸ ಅರಿವು, ಅದೂ ಆನೆಯ ಹಾವಳಿ ಮತ್ತು ಜ್ವರಗಳ ನಡುವೆ. ಅವರು ಬೇರೂರುತ್ತಿರುವಾಗಲೇ, ಹತ್ತೇ ವರ್ಷಗಳಲ್ಲಿ, ಅದೇ ಕಾಡು ಅಭಯಾರಣ್ಯವೆಂದು ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ಕೊನೆಗೊಳಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕೆಂದಿತು. ಮುಳುಗಡೆ ಸಂತ್ರಸ್ತರಿಗೆ ಭೂಮಿ ಬಿಟ್ಟುಕೊಡಲು ಅಂಥ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ ಆದೇಶಗಳು ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. 2006ರ ಅರಣ್ಯಹಕ್ಕು ಕಾಯ್ದೆಯು ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. 1960ರ ದಶಕದಲ್ಲಿ ಸರ್ಕಾರವೇ ತಂದು ಕೂರಿಸಿದವರು ಆ ಪುರಾವೆಯನ್ನು ಎಲ್ಲಿಂದ ತರಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ನಾಡಿಗೆ ವಿದ್ಯುತ್ ಕೊಡಲು ಊರು ಬಿಟ್ಟ ಈ ಜನರ ಮನೆಗಳು ವಿದ್ಯುತ್ತಿಗಾಗಿ ದಶಕಗಳ ಕಾಲ ಕಾದವು.

ಅಭಯಾರಣ್ಯದ ವಾಚರುಗಳು, ಎಂದರೆ ದಿನಗೂಲಿ ಅಥವಾ ಹೊರಗುತ್ತಿಗೆಯ ಕಾವಲುಗಾರರು, ಬಂದದ್ದು ಬಹುಮಟ್ಟಿಗೆ ಇಂಥ ಊರುಗಳಿಂದಲೇ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ತಂಗುವುದು, ಬೇಸಿಗೆಯಲ್ಲಿ ಬೆಂಕಿ ಆರಿಸುವುದು, ಹುಲಿಗಣತಿಯ ಕಾಲದಲ್ಲಿ ಹೆಜ್ಜೆ ಗುರುತಿಸಿ ಕ್ಯಾಮೆರಾ ಕಟ್ಟುವ ಜಾಗ ತೋರಿಸುವುದು ಇವರ ಕೆಲಸ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣುಗುಗಳ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಇತಿಹಾಸದಲ್ಲೂ ಇವರಿಗೊಂದು ಸ್ಥಾನವಿದೆ. ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದು ಕಾಯಿಲೆಯ ಮೊದಲ ಸೂಚನೆಯಾದ್ದರಿಂದ, ಅದನ್ನು ಕಂಡು ಸುದ್ದಿ ಮುಟ್ಟಿಸುವವರು ಅಲ್ಲಿ ನಡೆದಾಡುವವರೇ ಆಗಿರುತ್ತಾರೆ, ಮೊದಲು ಅಪಾಯಕ್ಕೆ ಒಡ್ಡಿಕೊಳ್ಳುವವರೂ ಅವರೇ. ಒಳಗಿನ ಊರುಗಳ ವಿಚಾರದಲ್ಲಿ ಶೆಟ್ಟಿಹಳ್ಳಿಗೆ ಹೋಲಿಸಿದರೆ ನೆರೆಯ ಭದ್ರಾ ಅಭಯಾರಣ್ಯವು ಬೇರೆ ದಾರಿ ಹಿಡಿಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾದ ಒಳಗಿದ್ದ ಊರುಗಳ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡವು. ನೀರಾವರಿ ಜಮೀನು, ಶಾಲೆ, ರಸ್ತೆಗಳೊಂದಿಗೆ ನಡೆದ ಆ ಪುನರ್ವಸತಿಯನ್ನು ದೇಶದಲ್ಲಿ ಯಶಸ್ವಿಯಾದವುಗಳ ಸಾಲಿನಲ್ಲಿ ಎಣಿಸಲಾಗುತ್ತದೆ. ಯಶಸ್ಸು ನಿಜವಾದುದೇ. ಆ ಊರುಗಳ ಜನರ ಕಾಡಿನ ಅರಿವು ಮಾತ್ರ ಹೊಸ ಊರಿಗೆ ಬಂದ ಮೇಲೆ ಕೆಲಸವಿಲ್ಲದೆ ಉಳಿಯಿತು.

ವಿಹಾರಕ್ಕಾಗಿ ಕಾಡಿಗೆ ಬರುವವರಿಗೆ ದಾರಿ ತೋರುವ ಇಂದಿನ ಕಸುಬು ಈ ಹಿನ್ನೆಲೆಯ ಮೇಲೆ ಬೆಳೆದಿದೆ. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಹಿಂದೆ ಹೋಗುತ್ತಿದ್ದವರು ಮುಖ್ಯವಾಗಿ ಯಾತ್ರಿಕರು. ಮೇಲೆ ದೇವಸ್ಥಾನದ ಅರ್ಚಕರ ಮನೆಯಲ್ಲಿ ಊಟ, ವಸತಿ ಸಿಗುತ್ತಿತ್ತು. ಕೊಲ್ಲೂರು ಮತ್ತು ಕಟ್ಟಿನಹೊಳೆಯ ಕಡೆಯಿಂದ ಜೀಪುಗಳು ಏರತೊಡಗಿದ ಮೇಲೆ ಚಾಲಕನೇ ಮಾರ್ಗದರ್ಶಿಯಾದ. ಲಿಂಗನಮಕ್ಕಿ ಹಿನ್ನೀರಿನ ಹೊನ್ನೇಮರಡುವಿನಲ್ಲಿ ಜಲಸಾಹಸದ ತರಬೇತಿ, ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಸಫಾರಿ ನೆಲೆಯೂರಿದವು. ಈಚಿನ ವರ್ಷಗಳಲ್ಲಿ ಚಾರಣಪಥಗಳಿಗೆ ಆನ್‌ಲೈನ್ ನೋಂದಣಿ, ಪ್ರತಿದಿನದ ಸಂಖ್ಯಾಮಿತಿ, ಕಡ್ಡಾಯ ಮಾರ್ಗದರ್ಶಿ ಎಂಬ ನಿಯಮಗಳು ಬಂದಿವೆ. ಇವು ಒಳ್ಳೆಯ ಕ್ರಮಗಳೇ, ಕಾಡಿನ ಊರಿನ ಯುವಕರಿಗೆ ಗೌರವದ ಸಂಬಳ ಸಿಗುವ ಸಾಧ್ಯತೆ ಮೊದಲ ಬಾರಿಗೆ ನಿಯಮದ ರೂಪ ಪಡೆದಿದೆ. ಆದರೆ ತರಬೇತಿ ಪಡೆದ ಮಾರ್ಗದರ್ಶಿ ಪ್ರವಾಸಿಗನಿಗೆ ಹೇಳುವ ಪಕ್ಷಿಗಳ ಇಂಗ್ಲಿಷ್ ಹೆಸರುಗಳಿಗೂ, ಅವನ ಅಜ್ಜ ಅದೇ ಜಾಗದಲ್ಲಿ ಹಳ್ಳ ದಾಟುವ ಮುನ್ನ ನೋಡುತ್ತಿದ್ದ ಗುರುತುಗಳಿಗೂ ನಡುವೆ ದೊಡ್ಡ ಅಂತರವಿದೆ. ತ್ಯಾವರೆಕೊಪ್ಪದ ಸಫಾರಿ ಈ ಬದಲಾವಣೆಯ ಕೊನೆಯ ತುದಿ: ಅಲ್ಲಿ ಸಂದರ್ಶಕನಿಗೆ ಬೇಕಾದವರು ವಾಹನ ಚಾಲಕ ಮತ್ತು ಪ್ರಾಣಿಪಾಲಕ, ದಾರಿ ಬಲ್ಲವನಲ್ಲ. ಪ್ರಾಣಿಧಾಮದಿಂದ ಬೇರೆಯದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಶರಾವತಿ ಕಣಿವೆಯಿಂದ ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಎದ್ದು ಬಂದವರು ಈಗ ಎಪ್ಪತ್ತು ದಾಟಿದ್ದಾರೆ. 1972ಕ್ಕೆ ಮೊದಲು ಹಳು ನುಗ್ಗಿದವರಲ್ಲಿ, ಟ್ರಾಂ ಹಳಿಗಳಿಗೆ ಸೌದೆ ತುಂಬಿದವರಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು. ಅವರ ಅರಿವು ಗೆಜೆಟಿಯರುಗಳಲ್ಲಿಲ್ಲ, ಬೇಟೆಕಥೆಗಳಲ್ಲಿ ಅರ್ಧಂಬರ್ಧ ಇದೆ, ಇಲಾಖೆಯ ಕಡತಗಳಲ್ಲಿ ಕೂಲಿಯ ಮೊತ್ತವಾಗಿ ಮಾತ್ರ ಇದೆ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವು ಭದ್ರಾ ಕಾಡಿನ ಅಂಚಿನ ಶಂಕರಘಟ್ಟದಲ್ಲೇ ಇದ್ದು, ಇತಿಹಾಸ, ಸಮಾಜಶಾಸ್ತ್ರ, ಪರಿಸರ ವಿಜ್ಞಾನಗಳ ವಿದ್ಯಾರ್ಥಿಗಳನ್ನು ಸಕ್ರೆಬೈಲು, ಶೆಟ್ಟಿಹಳ್ಳಿ, ಎಂ.ಸಿ. ಹಳ್ಳಿಗಳಿಗೆ ಕಳುಹಿಸಿ ಈ ಹಿರಿಯರ ಮಾತುಗಳನ್ನು ಅವರವರ ಹೆಸರಿನೊಂದಿಗೇ ಧ್ವನಿಮುದ್ರಿಸಿಡುವ ಕೆಲಸವನ್ನು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.